ತೊಳೆದ ಚೀಲ

"ನೀ ದಿನಾ ಬರ್ಕ್ಲಿಗೆ ಹೋಗಿ ಏನ್ ಮಾಡ್ತೀಯವಾ?"

ಅತ್ತೆ ಧಾರವಾಡದಿಂದ ಆರು ತಿಂಗಳಿಗೆಂದು ನಮ್ಮ ಸ್ಯಾನ್ ರಮೋನ್ ಮನೆಗೆ ಬಂದ ಮೂರನೆಯ ದಿನ ಹೀಗೆ ಕೇಳಿದರು. ಆಗ ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷ. ಗಂಡನ ಕಡೆಯವರು ಯಾರೂ ಅದುವರೆಗೆ ಇದನ್ನು ಕೇಳಿರಲಿಲ್ಲ. "ಲ್ಯಾಬಿನಲ್ಲಿ ಏನೋ ಮಾಡ್ತಾಳೆ" ಎಂದು ನನ್ನ ಗಂಡ ಹೇಳಿದ್ದೇ ಎಲ್ಲರಿಗೂ ಸಾಕಾಗಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಕೇಳದವರ ಮೇಲೂ ಸಿಟ್ಟು, ಕೇಳಿದವರ ಮೇಲೂ ಸಿಟ್ಟು.

"ಕಪ್ಪೆ ಕೆಲಸ" ಎಂದೆ.

"ಕಪ್ಪಿ ಹಿಡೀತೀಯೇನು?"

"ಇಲ್ಲ ಅತ್ತೆ. ಕಪ್ಪೆ ಇದ್ದ ನೀರು ಹಿಡೀತೀನಿ."

ಇಷ್ಟಕ್ಕೆ ಸುಮ್ಮನಾಗುತ್ತಾರೆ ಅಂದುಕೊಂಡೆ. ಅವರು ಹೆಚ್ಚುತ್ತಿದ್ದ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು, ಹೇಳು ಎಂಬಂತೆ ಕೂತುಬಿಟ್ಟರು. ಎಪ್ಪತ್ತಾರು ವರ್ಷದ ಆ ಮುಖದಲ್ಲಿ ಅಷ್ಟು ಕುತೂಹಲ ನೋಡಿ ನನಗೇ ನಾಚಿಕೆಯಾಯಿತು. ಹೇಳತೊಡಗಿದೆ.

ಕಪ್ಪೆ ನೀರಿನಲ್ಲಿದ್ದರೆ ಅದರ ಚರ್ಮದ ಚೂರು, ಲೋಳೆ, ಹೇಸಿಗೆ ಎಲ್ಲ ನೀರಿಗೆ ಸೇರುತ್ತದೆ. ಆ ನೀರನ್ನು ಒಂದು ಚೀಲದಲ್ಲಿ ತಂದು, ತೆಳ್ಳಗಿನ ಕಾಗದದಲ್ಲಿ ಸೋಸಿ, ಕಾಗದದ ಮೇಲೆ ಉಳಿದ ಡಿಎನ್‌ಎ ಯಾರದೆಂದು ನೋಡುವುದು ನಮ್ಮ ಕೆಲಸ. ಕಪ್ಪೆ ಕಣ್ಣಿಗೆ ಬೀಳಬೇಕಾಗಿಲ್ಲ. ಯಾರು ಬಂದು ಹೋದರೆಂದು ನೀರೇ ಹೇಳುತ್ತದೆ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡಿ, ಇಲ್ಲಿಗೆ ಬಂದು, ಎಂಟು ವರ್ಷ ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸಿ, ಆಮೇಲೆ ಈ ಕೆಲಸ ಸಿಕ್ಕಿದವಳು ನಾನು. ಹತ್ತು ವರ್ಷವಾದರೂ ಆ ನೀರಿನ ವಿಷಯದಲ್ಲಿ ನನ್ನ ಬೆರಗು ಹೋಗಿಲ್ಲ.

"ಯಾವ ಕಪ್ಪಿ? ವಟರ್‌ ವಟರ್ ಅನ್ನೂವು?" ಎಂದರು ಅತ್ತೆ.

"ಕೆಂಪು ಕಾಲಿನ ಕಪ್ಪೆ. ಈ ಕಡೆಯದೇ. ಮೊದಲು ಎಲ್ಲಾ ಕಡೆ ಇತ್ತಂತೆ. ಈಗ ದನಕ್ಕೆ ಅಂತ ಗುಡ್ಡದ ಮೇಲೆ ತೋಡಿರೋ ಹೊಂಡಗಳಲ್ಲಿ ಅಷ್ಟೊ ಇಷ್ಟೊ ಉಳಿದಿದೆ."

ನಮ್ಮ ಮನೆಯ ಪಶ್ಚಿಮದ ಗುಡ್ಡದಲ್ಲಿ ಅಂಥ ಒಂದು ಹೊಂಡವಿದೆ. ನಾವು ಅದನ್ನು ಮೇಲಿನ ಹೊಂಡ ಎನ್ನುತ್ತಿದ್ದೆವು. ನಮ್ಮ ಲ್ಯಾಬಿನ ಪಿಎಚ್‌ಡಿ ಹುಡುಗಿಯೊಬ್ಬಳು ಎರಡು ಚಳಿಗಾಲ ಅಲ್ಲಿ ಮಂಡಿಯುದ್ದ ನೀರಿನಲ್ಲಿ ನಿಂತು, ಡಿಎನ್‌ಎಗೆಂದು ಸಿಕ್ಕ ಕಪ್ಪೆಗಳ ಬಾಯೊಳಗೆ ಹತ್ತಿ ಆಡಿಸಿ ತಂದಿದ್ದಳು. ನೋಡಿದರೆ ಎಲ್ಲವೂ ಅಣ್ಣ ತಂಗಿ, ಅಪ್ಪ ಮಗಳು. ಹೊರಗಿನದು ಒಂದೂ ಇಲ್ಲ. ಪೂರ್ವದ ಗುಡ್ಡದಲ್ಲಿ ಬೇಕಾದಷ್ಟು ಕಪ್ಪೆಗಳಿವೆ, ಆದರೆ ನಡುವೆ 680 ಫ್ರೀವೇ ಎಂಬ ಹೆದ್ದಾರಿ ಹಾದುಹೋಗಿದೆ. ಹಿಂದಿನ ಚಳಿಗಾಲ ಮೇಲಿನ ಹೊಂಡದಲ್ಲಿ ಎರಡೇ ಮೊಟ್ಟೆ ಗೊಂಚಲು ಕಂಡಿದ್ದವು, ಅದರಲ್ಲೂ ಮುಕ್ಕಾಲು ಮೊಟ್ಟೆ ಬೆಳ್ಳಗೆ ಕೊಳೆತಿದ್ದವು. ಆಚೆ ಗುಡ್ಡದಿಂದ ಒಂದು ಗೊಂಚಲು ತಂದು ಇಲ್ಲಿ ಬಿಡಬೇಕು ಎಂಬುದು ಹುಡುಗಿಯ ಆಸೆ. ಈ ಸಲ ತಪ್ಪಿದರೆ ಮುಂದಿನ ವರ್ಷ ತಂದು ಬಿಡುವ ಹೊತ್ತಿಗೆ ಅಲ್ಲಿ ಜೋಡಿಯಾಗಲು ಯಾವುದೂ ಉಳಿದಿರುವುದಿಲ್ಲ ಎಂದು ಅವಳು ಹೆದರಿದ್ದಳು.

"ಅಂದ್ರ ಒಳಗಿಂದೊಳಗ ಸಂಬಂಧ ಮಾಡ್ಕೋತ ಬಂದಾವು" ಎಂದರು ಅತ್ತೆ. ಬೀನ್ಸಿನ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

ನಾನು ನಾಲಿಗೆ ಕಚ್ಚಿಕೊಂಡೆ. ಅತ್ತೆ ಮದುವೆಯಾದದ್ದು ತಮ್ಮ ಸ್ವಂತ ಸೋದರಮಾವನನ್ನು. ಅವರ ತಾಯಿಯ ಮದುವೆಯೂ ಹಾಗೇ ಆದದ್ದು. ನನ್ನ ಗಂಡನಿಗೂ ಮಾವನ ಮಗಳು ಸಿದ್ಧವಾಗಿಯೇ ಇದ್ದಳು, ಅತ್ತೆಯ ಅಣ್ಣನ ಮಗಳು. ಅವಳನ್ನು ಬಿಟ್ಟು ಅತ್ತೆ ರೈಲು ಹತ್ತಿ ಮೈಸೂರಿಗೆ ಬಂದು, ನಮ್ಮ ಮನೆಯ ಚಾಪೆಯ ಮೇಲೆ ಕೂತು, ನನ್ನನ್ನು ನೋಡಿ ಒಪ್ಪಿಕೊಂಡು ಹೋದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಧಾರವಾಡದ ಮದುವೆ ಮುಂಜಿಗಳಲ್ಲಿ ನನಗೆ "ಹೊರಗಿನಾಕಿ" ಎಂಬುದೇ ಹೆಸರು. "ಹೊರಗಿನಾಕಿ ಬಂದ್ಲು, ಎಲಿ ಹಾಕ್ರಿ." ಮನೆಯ ಹುಡುಗಿಗೇ ಮನಸ್ಸಿರಲಿಲ್ಲವೇನೋ, ಕೊನೆಗೆ ಯಾರೂ ಸಿಗದೆ ನನ್ನನ್ನು ತಂದರೇನೋ ಎಂದು ವರ್ಷಗಟ್ಟಲೆ ಒಳಗೊಳಗೇ ಕುದ್ದಿದ್ದೇನೆ.

ಇರಲಿ. ಹೊಂಡದ ವಿಷಯಕ್ಕೆ ಬರುತ್ತೇನೆ.

ಮೊಟ್ಟೆ ತರಲು ಗುಡ್ಡದ ಜಮೀನು ನೋಡಿಕೊಳ್ಳುವವರ ಒಪ್ಪಿಗೆ ಬೇಕಿತ್ತು. ಅವರು ಒಂದು ಪ್ರಶ್ನೆ ಎತ್ತಿದರು. ಫ್ರೀವೇಯ ಅಡಿಯಲ್ಲಿ ಒಂದು ಹಳ್ಳದ ಮೋರಿಯಿದೆ. ಮೋರಿಯ ಬಾಯಲ್ಲಿ, ಎರಡು ಗುಡ್ಡಗಳ ನಡುವೆ, ಇನ್ನೊಂದು ಹೊಂಡವಿದೆ. ಅಲ್ಲಿ ಕಪ್ಪೆಯಿದ್ದರೆ ಆಚೆಯವು ತಾವಾಗಿಯೇ ಮೋರಿ ದಾಟಿ ಬರುತ್ತಿವೆ ಎಂದರ್ಥ. ಮನುಷ್ಯರು ಕೈಹಾಕುವುದು ಬೇಡ. ಇಲ್ಲದಿದ್ದರೆ ಮಾತ್ರ ತರೋಣ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳಬೇಕಾದದ್ದು ನೀರು, ನೀರು ತರಬೇಕಾದವಳು ನಾನು.

ಫೆಬ್ರವರಿಯ ಒಂದು ಸೋಮವಾರ ಹೊರಟೆ. ಒಂದೊಂದು ಹೊಂಡಕ್ಕೆ ಮೂರು ಚೀಲ. ಒಮ್ಮೆ ಬಳಸಿ ಎಸೆಯುವ ಚೀಲಗಳು ಅವು, ಬಾಯಿ ಹರಿಯುವವರೆಗೆ ಗಾಳಿ ಕೂಡ ಒಳಗೆ ಹೋಗದ ಹಾಗೆ ಸೀಲು ಮಾಡಿರುತ್ತಾರೆ. ಬೆಳಿಗ್ಗೆ ಹೋಲಿಕೆಗೆಂದು ಮೇಲಿನ ಹೊಂಡದಲ್ಲಿ ಮೂರು ಚೀಲ ತುಂಬಿ, ಅಲ್ಲೇ ಕೈಪಂಪಿನಲ್ಲಿ ಸೋಸಿದೆ. ಖಾಲಿ ಚೀಲಗಳನ್ನು ಡಿಕ್ಕಿಯಲ್ಲಿಟ್ಟೆ. ಮಧ್ಯಾಹ್ನ ನಡುವಿನ ಹೊಂಡಕ್ಕೆ ಬಂದು ಬೇಲಿ ದಾಟುವಾಗ ಮುಳ್ಳುತಂತಿಗೆ ಸಿಕ್ಕಿ ಒಂದು ಹೊಸ ಚೀಲ ಹರಿಯಿತು. ಹೆಚ್ಚುವರಿ ಚೀಲ ತಂದಿರಲಿಲ್ಲ. ಬರ್ಕ್ಲಿಗೆ ಹೋಗಿ ಬರೋಣವೆಂದರೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ. ಮೂರು ಗಂಟೆಗೆ ಮಗಳನ್ನು ಸ್ಕೂಲಿನಿಂದ ಕರೆತರಬೇಕು.

ಆಗ ನಾನು ಮಾಡಿದ ಕೆಲಸವನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನನ್ನ ಅಡುಗೆಮನೆಯಲ್ಲಿ ಮೊಸರಿನ ಡಬ್ಬಿ ಎಸೆಯುವುದಿಲ್ಲ, ತೊಳೆದು ಸಾರು ತುಂಬುತ್ತೇವೆ. ಜಿಪ್‌ಲಾಕ್ ಚೀಲಗಳನ್ನು ತೊಳೆದು ನಲ್ಲಿಯ ಮೇಲೆ ಒಣಗಿಸುತ್ತೇವೆ. ಗಟ್ಟಿಮುಟ್ಟಾದ ಒಂದು ಚೀಲವನ್ನು ಒಂದೇ ಸಲ ಬಳಸಿ ಕಸಕ್ಕೆ ಹಾಕುವುದು ಹತ್ತು ವರ್ಷವೂ ನನ್ನ ಹೊಟ್ಟೆ ಉರಿಸಿತ್ತು. ಡಿಕ್ಕಿ ತೆರೆದೆ. ಬೆಳಗಿನ ಚೀಲವೊಂದನ್ನು ತೆಗೆದು, ಕುಡಿಯುವ ನೀರು ಹಾಕಿ ಕುಲುಕಿ ಚೆಲ್ಲಿದೆ. ಒಂದು ಸಲ, ಎರಡು ಸಲ, ಮೂರು ಸಲ. ಬಿಸಿಲಿಗೆ ಹಿಡಿದು ನೋಡಿದೆ. ಫಳಫಳ ಹೊಳೆಯಿತು. ಆ ಚೀಲದಲ್ಲಿ ನಡುವಿನ ಹೊಂಡದ ನೀರು ತುಂಬಿ, ಮೂರನೆಯ ನಂಬರು ಹಾಕಿ ಸೋಸಿದೆ.

ಶುಕ್ರವಾರ ಫಲಿತಾಂಶ ಬಂತು. ನಡುವಿನ ಹೊಂಡದ ಒಂದನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಕಪ್ಪೆ.

ಲ್ಯಾಬಿನಲ್ಲಿ ಎಲ್ಲರೂ ಕೇಕು ತಿಂದರು. ಪ್ರೊಫೆಸರು, ಆರಡಿ ಎತ್ತರದ ಗಂಭೀರ ಮನುಷ್ಯ, "ಮೂರರಲ್ಲಿ ಒಂದು ಬಂದರೂ ಇದೆ ಎಂದೇ ಅರ್ಥ, ಅವು ದಾರಿ ಕಂಡುಕೊಂಡಿವೆ" ಎಂದು ಮೇಜು ತಟ್ಟಿ ನಕ್ಕರು. ಪಿಎಚ್‌ಡಿ ಹುಡುಗಿ ಮಾತ್ರ ಕೇಕಿನ ತಟ್ಟೆ ಹಿಡಿದು ನನ್ನ ಎದುರಿಗೆ ನಿಂತು, "ಹಾಗಾದರೆ ಮೇಲಿನ ಹೊಂಡಕ್ಕೆ ಒಂದೂ ಯಾಕೆ ತಲುಪಿಲ್ಲ?" ಎಂದು ತನ್ನಷ್ಟಕ್ಕೆ ಎಂಬಂತೆ ಕೇಳಿದಳು. ಮುಂದಿನ ಬುಧವಾರ ಜಮೀನಿನವರ ಜೊತೆ ಮೀಟಿಂಗು ಇತ್ತು. ಅಲ್ಲಿ ಮೊಟ್ಟೆ ತರುವ ಯೋಜನೆಯನ್ನು ಕೈಬಿಡುತ್ತೇವೆಂದು ಹೇಳುವುದು ಎಂದಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮೂರನೆಯ ನಂಬರನ್ನೇ ಮತ್ತೆ ಮತ್ತೆ ನೋಡಿದೆ. ಆದರೂ ಬಾಯಿ ಬಿಡಲಿಲ್ಲ. ಚೆನ್ನಾಗಿ ತೊಳೆದಿದ್ದೆನಲ್ಲ. ಕಪ್ಪೆ ನಿಜವಾಗಿಯೂ ಇರಬಹುದಲ್ಲ. ಇಷ್ಟು ಜನ ಖುಷಿಯಾಗಿರುವಾಗ ನಾನು ಯಾಕೆ ಅಪಶಕುನ ನುಡಿಯಲಿ? ಇವೆಲ್ಲ ನೆಪ. ನಿಜ ಹೇಳಬೇಕೆಂದರೆ, ಡೇಕೇರಿನಿಂದ ಬಂದ ಹೆಂಗಸಿಗೆ ಇಷ್ಟೇ ಬುದ್ಧಿ ಅನ್ನುತ್ತಾರೆ ಎಂದು ಹೆದರಿದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಸಣ್ಣ ಜಗಳ ನಡೆಯಿತು. ಅತ್ತೆ ಧಾರವಾಡದಿಂದ ತಂದಿದ್ದ ಪೂಜೆಯ ತಾಮ್ರದ ತಂಬಿಗೆಯಲ್ಲಿ ಹೈಸ್ಕೂಲಿನ ನನ್ನ ಮಗಳು ನೀರು ಕುಡಿದುಬಿಟ್ಟಿದ್ದಳು. ಅಜ್ಜಿಯ ಮುಖ ನೋಡಿ, "ಓಹ್ ಸಾರಿ ಅಜ್ಜಿ, ಐ ವಿಲ್ ವಾಷ್ ಇಟ್" ಎಂದು ಸೋಪು ಹಾಕಿ ತೊಳೆದು, ನೀರು ತುಂಬಿ ಕೊಟ್ಟಳು. ಅತ್ತೆ ಅವಳ ಕೆನ್ನೆ ತಟ್ಟಿ ಈಸಿಕೊಂಡರು. ಅವಳು ಹೊರಗೆ ಹೋದ ಮೇಲೆ ಆ ತಂಬಿಗೆಯನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ಬೇರೆ ಲೋಟ ತೆಗೆದರು.

ನನ್ನ ತಲೆಗೆ ಏರಿತು. ಮೈಸೂರಿನ ನನ್ನ ಅಜ್ಜಿಯ ಮಡಿ ನೋಡಿ ಬೆಳೆದವಳು ನಾನು. ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ ನಮ್ಮ ಮನೆಯಲ್ಲಿ ಲೋಟವೇ ಬೇರೆ, ಅದು ಹಿತ್ತಿಲ ಗೋಡೆಯ ಮೇಲೆ ಮಗುಚಿ ಹಾಕಿರುತ್ತಿತ್ತು. ಮನೆಯ ಎಲ್ಲಾ ಲೋಟ ತೊಳೆಯುವ ಕೈಗೆ ಆ ಲೋಟಗಳಲ್ಲಿ ಕುಡಿಯುವ ಹಕ್ಕಿಲ್ಲ ಎಂಬುದು ಏಳು ವರ್ಷಕ್ಕೇ ನನ್ನ ಕಣ್ಣು ಕುಕ್ಕಿತ್ತು. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

"ಮಗು ಅಷ್ಟು ಚೆನ್ನಾಗಿ ತೊಳೆದಿದೆಯಲ್ಲ ಅತ್ತೆ" ಎಂದು ಕೂಗಾಡಿದೆ. "ಮೂರು ಸಲ ತೊಳೆದಳು, ನಾನೇ ನೋಡ್ದೆ. ಇನ್ನೇನು ಅಂಟ್ಕೊಂಡಿರತ್ತೆ ಅದಕ್ಕೆ?"

ಅತ್ತೆ ನನ್ನ ದನಿಗೆ ಬೆದರಲಿಲ್ಲ. "ತೊಳದ್ರ ಸ್ವಚ್ಛ ಆಗ್ತದ. ಮಡಿ ಆಗೂದಿಲ್ಲ. ಕುಡೀಲಿಕ್ಕೆ ಸ್ವಚ್ಛ ಸಾಕು, ಅದರಾಗ ನಾ ಈಗ ಚಹಾ ಬೇಕಾದ್ರ ಕುಡೀತೇನಿ. ಪೂಜಾಕ್ಕ ಬ್ಯಾರೆ ಬೇಕು, ಅಷ್ಟ. ಅಕಿಗೆ ನಾ ಏನರ ಅಂದೆನೇನು?"

ಆ ಚೀಲವನ್ನು ನಾನು ತೊಳೆದದ್ದೂ ಮೂರೇ ಸಲ. ಮೂರು ಸಲ ಎಂದದ್ದು ನನ್ನದೇ ಬಾಯಿ. ನಮ್ಮ ಲ್ಯಾಬಿನಲ್ಲಿ ಎರಡು ಕೋಣೆಗಳಿವೆ, ಈಚೆಯದರಲ್ಲಿ ನೀರು ಸೋಸುವುದು, ಆಚೆಯದರಲ್ಲಿ ಸಿಕ್ಕ ಡಿಎನ್‌ಎಯನ್ನು ಕೋಟಿಪಟ್ಟು ಹೆಚ್ಚಿಸುವುದು. ಆಚೆ ಕೋಣೆಗೆ ಕಾಲಿಟ್ಟವರು ಆ ದಿನ ಈಚೆ ಕೋಣೆಗೆ ಬರುವಂತಿಲ್ಲ. ಗೌನು ಬದಲಿಸಿದರೂ ಇಲ್ಲ, ಕೈ ತೊಳೆದರೂ ಇಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅದನ್ನು ಹತ್ತು ವರ್ಷದಿಂದ ಗದರಿ ಗದರಿ ಕಲಿಸುತ್ತಿದ್ದವಳು ನಾನೇ. ಕಣ್ಣಿಗೆ ಕಾಣದ ಒಂದು ಚೂರು ಸಾಕು ಎಂದು ಹೇಳುತ್ತಿದ್ದವಳು ನಾನೇ. ಮುಳ್ಳುಬೇಲಿಯ ಪಕ್ಕ ನಿಂತಾಗ ಮಾತ್ರ ನನ್ನ ಕೈ ಮೊಸರಿನ ಡಬ್ಬಿ ತೊಳೆಯುವ ಕೈಯಾಗಿತ್ತು.

"ಯಾಕವಾ, ಮಾರಿ ಹಿಂಗ್ಯಾಕಾತು?" ಎಂದರು ಅತ್ತೆ.

ಕೂತು ಎಲ್ಲವನ್ನೂ ಹೇಳಿದೆ. ಅವರು ತಪ್ಪು ಸರಿ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ನೀ ಹೇಳಲಿಲ್ಲಂದ್ರ ಆ ಮ್ಯಾಲಿನ ಹೊಂಡದ್ದು ಏನಾಗ್ತದ?"

"ಮುಗೀತು ಅದು."

"ಹಂಗಾರ ನಾಳೆ ಹೇಳು" ಎಂದು ಎದ್ದು ಲೋಟಕ್ಕೆ ನೀರು ತುಂಬಿಕೊಂಡರು.

ಸೋಮವಾರ ಹೇಳಿದೆ. ಪ್ರೊಫೆಸರು "ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದರು. ಆಮೇಲೆ, ಈ ಸೀಸನ್ನಿಗೆ ನೀವು ಫೀಲ್ಡಿಗೆ ಹೋಗುವುದು ಬೇಡ ಎಂದರು. ಅದರಿಂದ ನನಗೆ ನೋವಾಯಿತು. ಹುಡುಗಿಯ ಮಾತಿನಿಂದ ಇನ್ನೂ ನೋವಾಯಿತು. ಬಿಳಿಚಿಕೊಂಡ ಮುಖದಲ್ಲಿ ಅವಳು, "ಶುಕ್ರವಾರವೇ ನಿಮಗೆ ಗೊತ್ತಿತ್ತಲ್ಲ, ನಾನು ಎದುರಿಗೇ ನಿಂತು ಕೇಳಿದೆನಲ್ಲ" ಎಂದಳು. ಸಂಜೆಯವರೆಗೆ ನನ್ನ ಕಡೆ ತಿರುಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಲ್ಯಾಬು ಹಾರಿಹೋಗುವ ಹಾಗೆ ಕಿರುಚುತ್ತಿದ್ದೆ.

ಅವಳೇ ಹೊಸ ಚೀಲ ತೆಗೆದುಕೊಂಡು ಹೋಗಿ ನಡುವಿನ ಹೊಂಡದಿಂದ ಆರು ಸಲ ನೀರು ತಂದಳು. ಆರೂ ಖಾಲಿ. ಮೋರಿ ದಾಟಿ ಯಾರೂ ಬಂದಿರಲಿಲ್ಲ. ಬುಧವಾರದ ಮೀಟಿಂಗು ಮುಂದಕ್ಕೆ ಹೋಯಿತು, ಒಪ್ಪಿಗೆ ಸಿಗುವ ಹೊತ್ತಿಗೆ ಮಾರ್ಚಿನ ಎರಡನೆಯ ವಾರ. ಆಚೆ ಗುಡ್ಡದಲ್ಲಿ ಅಷ್ಟರಲ್ಲಿ ಬಹುತೇಕ ಮೊಟ್ಟೆಗಳು ಒಡೆದು ಗೊದಮೊಟ್ಟೆಗಳಾಗಿ ಚದುರಿಹೋಗಿದ್ದವು. ಹುಡುಗಿ ಮೂರು ದಿನ ಹುಡುಕಿದಳು. ತಡವಾಗಿ ಇಟ್ಟ ಒಂದೇ ಗೊಂಚಲು ಸಿಕ್ಕಿತು. ನಾನು ತೊಳೆದ ಚೀಲವೊಂದು ಇಷ್ಟು ದಿನ ತಿಂದಿತ್ತು.

ಗೊಂಚಲಿನ ಕಾಲುಭಾಗವನ್ನು ಬಕೆಟ್ಟಿನಲ್ಲಿಟ್ಟುಕೊಂಡು ಪೂರ್ವದಿಂದ ಪಶ್ಚಿಮಕ್ಕೆ ಬರುವ ದಾರಿಯಲ್ಲಿ ಅವಳು ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದಳು. ಕರೆದಿರಲಿಲ್ಲ, ತಾನಾಗಿಯೇ ಬಂದಳು. "ನೀವು ನೋಡಬೇಕು ಅನ್ನಿಸಿತು" ಎಂದಳು. ಬಕೆಟ್ಟಿನ ಮುಚ್ಚಳ ತೆಗೆದಾಗ ಸಾಬಕ್ಕಿ ಪಾಯಸದಂಥ ಲೋಳೆ, ಪ್ರತಿ ಕಾಳಿನೊಳಗೂ ಒಂದು ಕಪ್ಪು ಚುಕ್ಕೆ. ಬೆಳ್ಳಗಿದ್ದದ್ದು ಒಂದೂ ಇರಲಿಲ್ಲ.

ಅತ್ತೆ ಬಂದು ಬಗ್ಗಿ ನೋಡಿದರು. "ಆಚೆ ಗುಡ್ಡದ್ದೇನು? ಕೊಟ್ಟ ಮನಿಗೆ ಹೊಂಟಾವೇನು?" ಎಂದು ಒಳಗೆ ಹೋದರು. ಬರುವಾಗ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಸಿನ ಕುಂಕುಮ, ಒಂದು ಹಸಿರು ರವಿಕೆ ಬಟ್ಟೆ. "ಹೆಣ್ಣು ಕರ್ಕೊಂಡು ಹೋಗಾಕಿ ಬರೇ ಉಡಿಲೆ ಹೋಗಬಾರದು. ಉಡಿ ಒಡ್ಡು ಅಂತ ಹೇಳು ಅಕಿಗೆ."

ಕೆಸರು ಮೆತ್ತಿದ ಫೀಲ್ಡ್ ಜಾಕೆಟ್ಟಿನ ಅಂಚನ್ನು ಎರಡು ಕೈಯಲ್ಲಿ ಹಿಡಿದು ಆ ಹುಡುಗಿ ನಮ್ಮ ಡ್ರೈವ್‌ವೇಯಲ್ಲಿ ನಿಂತಳು. ಅತ್ತೆ ಅದರೊಳಗೆ ಅಕ್ಕಿ ಸುರಿದು ಮಡಿಲು ತುಂಬಿದರು. ನಾನು ಬಕೆಟ್ಟಿಗೆ ಅಡ್ಡ ನಿಂತು, "ಅತ್ತೆ, ಒಂದು ಕಾಳೂ ಬೀಳಬಾರದು ಇದರಲ್ಲಿ" ಎಂದು ಹೇಳುತ್ತಲೇ ಇದ್ದೆ. "ಗೊತ್ತದವಾ, ಗೊತ್ತದ. ಮಡೀ ನನಗ ಕಲಸ್ತಿ?" ಎಂದರು. ಹುಡುಗಿಗೆ ಒಂದಕ್ಷರ ತಿಳಿಯದಿದ್ದರೂ ವಾರಗಳ ನಂತರ ಮೊದಲ ಸಲ ನಕ್ಕಳು.

ಅತ್ತೆ ಏಪ್ರಿಲ್‌ನಲ್ಲಿ ಧಾರವಾಡಕ್ಕೆ, ಮಗಳ ಮನೆಗೆ, ವಾಪಸಾದರು. ಪ್ರತಿ ವಾರ ವಿಡಿಯೋ ಕಾಲಿನಲ್ಲಿ ಮೊಮ್ಮಗಳಿಗಿಂತ ಮೊದಲು ಹೊಂಡವನ್ನು ವಿಚಾರಿಸುತ್ತಿದ್ದರು. ಹೇಳಲು ಏನೂ ಇರುತ್ತಿರಲಿಲ್ಲ. ಈ ಕಪ್ಪೆಗಳು ಬೆಳೆದು ಜೋಡಿಯಾಗಲು ಎರಡು ಮೂರು ವರ್ಷ ಬೇಕು. ಆಚೆ ಗುಡ್ಡದವು ಬದುಕಿದವೇ? ಬದುಕಿದರೂ ಈಚೆಯವು ಅವನ್ನು ಹತ್ತಿರ ಸೇರಿಸಿದವೇ? ಕಪ್ಪೆಗೆ ಕಪ್ಪೆ ಹೊರಗಿನದೆಂದು ಗೊತ್ತಾಗುತ್ತದೆಯೇ? ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ, ಮೂರನೆಯ ಚಳಿಗಾಲದಲ್ಲಿ, ಮೇಲಿನ ಹೊಂಡದಲ್ಲಿ ಐದು ಗೊಂಚಲು. ಹುಡುಗಿ ಗೊದಮೊಟ್ಟೆಗಳ ಬಾಲದ ತುದಿಯನ್ನು ಎಳ್ಳಿನಷ್ಟು ಕತ್ತರಿಸಿ ಟ್ಯೂಬುಗಳಲ್ಲಿ ತಂದುಕೊಟ್ಟಳು. ಅವನ್ನು ಪರೀಕ್ಷೆಗೆ ಹಾಕಿದವಳು ನಾನು. ಸಂಜೆ ಆರು ಗಂಟೆಗೆ ಫಲಿತಾಂಶ ಪರದೆಯ ಮೇಲೆ ಬಂದಾಗ ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಮರಿಯಲ್ಲಿ ಎರಡು ಗುಡ್ಡ. ತಾಯಿ ಈಚೆಯದು, ತಂದೆ ಆಚೆಯದು. ಹುಡುಗಿಗೆ ಮೆಸೇಜು ಹಾಕಿ, ಉಳಿದ ಟ್ಯೂಬುಗಳನ್ನು ಫ್ರೀಜರಿಗೆ ಇಡಲೆಂದು ಕೈಯಲ್ಲಿ ಹಿಡಿದುಕೊಂಡೇ ಧಾರವಾಡಕ್ಕೆ ಕರೆ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅತ್ತೆ ಸ್ನಾನ ಮುಗಿಸಿ ಒದ್ದೆ ಕೂದಲು ಗಂಟು ಕಟ್ಟಿಕೊಂಡು ಕೂತಿದ್ದರು.

"ಅತ್ತೆ, ಸಂಬಂಧ ಕೂಡಿತು. ಮರಿಗಳು ಗಟ್ಟಿಯಾಗಿವೆ."

ಅವರು ಏನಾದರೂ ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೂದಲಿನ ಗಂಟು ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ನಿನ್ನ ಗಂಡಗಿಂತ ಮೊದಲು ನನಗ ಎರಡು ಕೂಸು ಹೋದವು" ಎಂದರು. "ನಮ್ಮವ್ವಗ ಮೂರು ಹೋಗಿದ್ದವು. ಹಣೇಬರಹ ಅಂದ್ರು ಎಲ್ಲಾರೂ. ನನಗ ಹಂಗ ಅನಸ್ಲಿಲ್ಲ. ನನಗ ಯಾರೂ ಹೇಳಿಕೊಟ್ಟಿಲ್ಲವಾ, ಸುಮ್ಮನ ಕೂತು ನೋಡಿ ನೋಡಿ ಒಳಗಿನ ಸಂಬಂಧ ಸಾಕು ಅನಸ್ತು. ನಮ್ಮಣ್ಣ ಇವತ್ತಿಗೂ ನನ್ನ ಜೋಡಿ ಸರಿಯಾಗಿ ಮಾತಾಡೂದಿಲ್ಲ. ಮಾತಾಡದಿದ್ರ ಬಿಡಲಿ ಅಂತ ಮೈಸೂರು ಗಾಡಿ ಹತ್ತಿದೆ."

ಆ ಕೂಸುಗಳು ಹೋದದ್ದಕ್ಕೆ ಅದೇ ಕಾರಣವೋ ಅಲ್ಲವೋ ನಾನು ಹೇಳಲಾರೆ. ನೋಡಲು ಟ್ಯೂಬಿಲ್ಲ, ಚೀಲವಿಲ್ಲ, ಏನೂ ಉಳಿದಿಲ್ಲ. ನನಗೆ ಕಂಡದ್ದು ನಮ್ಮ ಮೈಸೂರಿನ ಮನೆಯ ಚಾಪೆ, ಅದರ ಮೇಲೆ ಒಬ್ಬರೇ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ ಈ ಹೆಂಗಸು. ಇಪ್ಪತ್ತೈದು ವರ್ಷ ನನ್ನನ್ನು ಹೊರಗಿನಾಕಿ ಎಂದವರ ಮೇಲೆಲ್ಲ ಸಿಟ್ಟು ಕಾದಿಟ್ಟಿದ್ದೆ. ಹೊರಗಿನಾಕಿ ಎಂದೇ ನನ್ನನ್ನು ಹುಡುಕಿಕೊಂಡು ಬಂದವರಿದ್ದರು ಎಂದು ಗೊತ್ತಿರಲಿಲ್ಲ.

"ನನಗೆ ಯಾಕೆ ಹೇಳಲಿಲ್ಲ ಅತ್ತೆ, ಇಷ್ಟು ವರ್ಷ?" ಎಂದು ಕೇಳಬೇಕೆಂದಿದ್ದೆ.

ಅತ್ತೆ ಫೋನಿಗೆ ಮುಖ ಹತ್ತಿರ ತಂದು, ಕನ್ನಡಕ ಸರಿಮಾಡಿಕೊಂಡು, ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಅಳ್ಲಿಕತ್ತೀಯೇನು? ಮಾರಿ ಆಚೆ ಮಾಡವಾ, ಟ್ಯೂಬಿನ್ಯಾಗ ಬಿದ್ದೀತು" ಎಂದರು.